ಮಂತ್ರಿಮನೆಯ ಗಡಿಯಾರಕ್ಕೆ ಕೀ ಕೊಟ್ಟದ್ದು

ಇದನ್ನು ಬರೆಯುವ ಅರ್ಹತೆ ನನಗಿಲ್ಲ. ಚರಿತ್ರೆಯ ವಿಷಯ ಬರೆಯಬೇಕಾದವರು ಚರಿತ್ರೆ ಓದಿದವರು. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ದಿನವಿಡೀ ಗಡಿಯಾರ ರಿಪೇರಿ ಮಾಡಿ ಕಣ್ಣು ಉರಿಯುವ ಹೊತ್ತಿಗೆ. ಚರಿತ್ರೆಯ ಮೇಷ್ಟ್ರು ಪಾಠ ಶುರು ಮಾಡಿದರೆ ತರಗತಿಯ ಅರ್ಧ ಜನ ತೂಕಡಿಸುತ್ತಿದ್ದರು. ಉಳಿದರ್ಧದಲ್ಲಿ ನಾನಿದ್ದೆ ಎಂದು ಹೇಳಿಕೊಳ್ಳಲು ಆಸೆ, ಆದರೆ ಖಾತ್ರಿಯಿಲ್ಲ. ಇಂಥವನು ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಹೊರಟದ್ದಕ್ಕೆ ಓದುಗರು ಮೊದಲೇ ಕ್ಷಮಿಸಿಬಿಟ್ಟರೆ, ಮುಂದಿನದನ್ನು ಸ್ವಲ್ಪ ಧೈರ್ಯವಾಗಿ ಹೇಳಬಹುದು. ಹೇಳದೆಯೂ ಇರಬಹುದಿತ್ತು. ಆದರೆ ನಮ್ಮ ಅತ್ತೆ ಇದನ್ನು ಬೀದಿಯಲ್ಲಿ ಹೇಳುವಾಗ ನಾನು ಗೋಡೆ ಗಡಿಯಾರದೊಳಗೆ ತಲೆ ಸಿಕ್ಕಿಸಿಕೊಂಡಿದ್ದೆ ಎಂದು ಸೇರಿಸುತ್ತಾರೆ. ಅದು ಸುಳ್ಳು. ಕೈ ಮಾತ್ರ ಒಳಗಿತ್ತು.

ನನ್ನ ಹೆಂಡತಿಯ ತಮ್ಮನಿಗೆ ಮಂತ್ರಿಮನೆಯಲ್ಲಿ ಗೈಡ್ ಕೆಲಸ ಸಿಕ್ಕಿತ್ತು. ಮಂತ್ರಿಮನೆ ಎಂದರೆ ಹಿಂದಿನ ಕಾಲದಲ್ಲಿ ಊರಿಗೆ ನಲ್ಲಿ ನೀರು ತಂದ ಮಂತ್ರಿಗಳ ಮನೆ. ಅವರು ಹೋದಮೇಲೆ ಸರ್ಕಾರ ಅದನ್ನು ಇದ್ದ ಹಾಗೇ ಕಾಪಾಡಿ ಮ್ಯೂಸಿಯಂ ಮಾಡಿತು. ಅವರ ಚಪ್ಪಲಿ ಅವರು ಬಿಟ್ಟಲ್ಲೇ ಇದೆ. ಕನ್ನಡಕ ಅವರು ಇಟ್ಟಲ್ಲೇ ಇದೆ. ನಮ್ಮ ಹುಡುಗ ಇದಕ್ಕೆ ಮುಂಚೆ ಸೇರಿದ ಕೆಲಸಗಳನ್ನೆಲ್ಲ ಮಾತು ಜಾಸ್ತಿ ಎಂಬ ಕಾರಣಕ್ಕೇ ಕಳೆದುಕೊಂಡಿದ್ದ. ಕೊನೆಗೂ ಮಾತಾಡುವುದಕ್ಕೇ ಸಂಬಳ ಕೊಡುವ ಜಾಗ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದೆವು. ಆದರೆ ಕೆಲಸ ಇನ್ನೂ ಹಂಗಾಮಿ. ಸೋಮವಾರ ಇಲಾಖೆಯ ಅಧಿಕಾರಿ ಬಂದು, ಅವನು ಹೇಳುವುದನ್ನು ಕೇಳಿ, ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸುವವರಿದ್ದರು.

"ಭಾನುವಾರ ನೀವೆಲ್ಲ ಬನ್ನಿ, ನನಗೆ ಪ್ರಾಕ್ಟೀಸ್ ಆಗುತ್ತೆ" ಎಂದ. ಹೆಂಡತಿ, ಅತ್ತೆ, ನಾನು ಹೊರಟೆವು. ಹೊರಡುವಾಗ ನನ್ನ ಹೆಂಡತಿ ಅವಳ ಅಮ್ಮನಿಗೆ, "ಇವ್ರು ಚರಿತ್ರೆ ಓದಿದ್ದಾರಲ್ಲ, ಏನಾದ್ರೂ ಒಳ್ಳೇ ಪ್ರಶ್ನೆ ಕೇಳ್ತಾರೆ, ತಮ್ಮನಿಗೂ ಹೆಸರು ಬರುತ್ತೆ" ಎಂದುಬಿಟ್ಟಳು. ಅಲ್ಲಿಂದ ಶುರುವಾಯಿತು ನನ್ನ ಸಂಕಟ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕಟ್ಟಿದೆ: "ಮಂತ್ರಿಗಳ ಆಡಳಿತ ಶೈಲಿಯ ಮೇಲೆ ಈ ಮನೆಯ ರಚನೆಯ ಪ್ರಭಾವವೇನು?" ಇದರ ಅರ್ಥ ನನಗೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಕೇಳಲು ಚೆನ್ನಾಗಿತ್ತು. ಮರೆತುಹೋಗದಿರಲಿ ಎಂದು ಬಾಯಲ್ಲೇ ಮೆಲುಕು ಹಾಕುತ್ತಿದ್ದೆ.

ಆದ್ದರಿಂದ ಮಂತ್ರಿಗಳ ಓದುವ ಕೋಣೆಯಲ್ಲಿ ಹುಡುಗ ಏನು ಹೇಳಿದನೋ ನನ್ನ ಕಿವಿಗೆ ಬೀಳಲಿಲ್ಲ. ಹೇಳಲು ಅವನಿಗೂ ಅವಕಾಶ ಸಿಗಲಿಲ್ಲ ಎನ್ನಿ.

"ಬೆಳಿಗ್ಗೆ ಏನಾದ್ರೂ ತಿಂದ್ಯೇನೋ?" ಎಂದರು ಅತ್ತೆ, ಎಲ್ಲರ ಮುಂದೆ.

"ಅಮ್ಮಾ, ಡ್ಯೂಟಿಲಿದೀನಿ."

"ಡ್ಯೂಟಿಲಿ ಇರೋರಿಗೆ ಹೊಟ್ಟೆ ಇರಲ್ವಾ? ಮುಖ ನೋಡು ಹೇಗಾಗಿದೆ. ಅಲ್ಲೇನ್ರೀ?" ಎಂದು ಪಕ್ಕದಲ್ಲಿದ್ದ ಅಪರಿಚಿತ ಅಜ್ಜನನ್ನೂ ಕೇಳಿದರು. ಅಜ್ಜ, "ಸ್ವಲ್ಪ ಇಳಿದುಹೋಗಿದೆ" ಎಂದರು.

ಹುಡುಗ ಕೆಂಪಾಗಿ, "ಈ ಕೋಣೆಯ ಮುಖ್ಯವಾದ ಕಥೆ ಪಕ್ಕದ ಕೋಣೆಯಲ್ಲಿ ಹೇಳ್ತೀನಿ, ಬನ್ನಿ" ಎಂದು ಎಲ್ಲರನ್ನೂ ನಡೆಸಿಕೊಂಡು ಹೋದ. ನಾನು 'ಆಡಳಿತ ಶೈಲಿ' ಮೊದಲೋ 'ರಚನೆ' ಮೊದಲೋ ಎಂದು ಯೋಚಿಸುತ್ತ ಹಿಂದೆ ಉಳಿದೆ. ತಲೆ ಎತ್ತಿದರೆ ಎದುರಿಗೆ ಗೋಡೆಯ ಮೇಲೊಂದು ಗಡಿಯಾರ. ನಿಂತಿತ್ತು.

ನನ್ನ ಅಂಗಡಿ ಎಂದರೆ ಔಷಧಿ ಅಂಗಡಿಯ ಮೆಟ್ಟಿಲ ಕೆಳಗಿರುವ ಒಂದು ಗಾಜಿನ ಪೆಟ್ಟಿಗೆ ಮತ್ತು ಒಂದು ಸ್ಟೂಲು. ಅಲ್ಲಿ ಕೂತು ಕೂತು ನನಗೊಂದು ಚಟ ಬಿದ್ದಿದೆ. ನಿಂತ ಗಡಿಯಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲೂ (ಈಗಿನ ಅತ್ತೆಯ ಮನೆಯೇ ಅದು) ಹೀಗಾಗಿದೆ. "ದಯವಿಟ್ಟು ಮುಟ್ಟಬೇಡಿ" ಎಂಬ ಬೋರ್ಡು ಇತ್ತು, ನಿಜ. ಆದರೆ ಅದು ಹಗ್ಗದ ಆಚೆ ಮೇಜಿನ ಮೇಲಿತ್ತು. ಮೇಜನ್ನು ನಾನು ಮುಟ್ಟಲಿಲ್ಲ.

ಗಾಜಿನ ಬಾಗಿಲು ತೆರೆದೆ. ಕೀ ಗಡಿಯಾರದ ಪೆಟ್ಟಿಗೆಯ ತಳದಲ್ಲೇ ಇತ್ತು. ಒಳಗೆ ಒಂದು ಸವೆತವಿಲ್ಲ, ಒಂದು ತುಕ್ಕಿಲ್ಲ. ಇಷ್ಟು ಒಳ್ಳೆಯ ಗಡಿಯಾರವನ್ನು ಹೀಗೆ ಬಿಟ್ಟಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಕೀ ಕೊಟ್ಟೆ. ವಾರೆಯಾಗಿದ್ದ ಪೆಟ್ಟಿಗೆಯನ್ನು ನೇರ ಮಾಡಿದೆ. ನನ್ನ ಕೈಗಡಿಯಾರ ನೋಡಿ ಮುಳ್ಳು ಸರಿಮಾಡಿದೆ. ಪೆಂಡುಲಂ ತಳ್ಳಿದೆ. ಟಿಕ್ ಟಿಕ್ ಎಂದು ಹೊರಟಿತು ನೋಡಿ, ಆರೋಗ್ಯವಂತ ಮಗುವಿನ ಎದೆಯ ಹಾಗೆ. ಬಾಗಿಲು ಮುಚ್ಚಿ, ಕರ್ಚೀಫಿನಿಂದ ಗಾಜು ಒರೆಸಿ, ಪಕ್ಕದ ಕೋಣೆಗೆ ಹೋಗಿ ಗುಂಪಿನ ಹಿಂದೆ ನಿಂತೆ.

ಹುಡುಗ ಮಂಚದ ಪಕ್ಕ ನಿಂತು ದನಿ ತಗ್ಗಿಸಿದ್ದ. "ಇದೇ ಮಂಚದ ಮೇಲೆ ಮಂತ್ರಿಗಳು ಕೊನೆಯುಸಿರೆಳೆದರು. ಅದೇ ಗಳಿಗೆಯಲ್ಲಿ, ಈಗ ನೀವು ನೋಡಿದ ಕೋಣೆಯ ಗಡಿಯಾರ ತಾನಾಗಿ ನಿಂತುಹೋಯಿತು. ಅವತ್ತಿನಿಂದ ಇವತ್ತಿನವರೆಗೆ ಅದನ್ನ ಯಾರೂ ಮುಟ್ಟಿಲ್ಲ. ಬಂಧುಗಳೇ, ಈ ಮನೆಯಲ್ಲಿ ಕಾಲ ನಿಂತಿದೆ."

ಟಣ್.

ನಾನು ಕಣ್ಣು ಮುಚ್ಚಿದೆ.

ಟಣ್. ಟಣ್. ಬೆಳಗಿನ ಹನ್ನೊಂದು ಗಂಟೆ. ನಾನು ಅರ್ಧ ಕೆಲಸ ಮಾಡುವವನಲ್ಲ. ಹೊಡೆಯಬೇಕಾದಷ್ಟನ್ನೂ ಅದು ಹೊಡೆಯಿತು, ಗಟ್ಟಿಯಾಗಿ, ನಿಧಾನವಾಗಿ. ಮುಖ ಇಳಿದಿದೆ ಎಂದಿದ್ದ ಅಜ್ಜ ಮಂಚದಿಂದ ಹಿಂದೆ ಸರಿದರು, ಮಂತ್ರಿಗಳು ಏಳುವುದಾದರೆ ಕಾಲಿಡಲು ಜಾಗವಿರಲಿ ಎಂಬಂತೆ. ಮಹಡಿಯಿಂದ ಮೇಲ್ವಿಚಾರಕರು ದಡದಡ ಇಳಿದು ಬರುವುದು ಕೇಳಿಸಿತು. ನನ್ನ ಹೆಂಡತಿ ಗಡಿಯಾರದ ಕಡೆ ತಿರುಗಲೇ ಇಲ್ಲ. ನೇರವಾಗಿ ನನ್ನ ಕಡೆ ತಿರುಗಿದಳು.

"ರೀ, ಏನ್ ಮಾಡಿದ್ರಿ?"

"ಸರಿ ಮಾಡ್ದೆ."

ಬಂದವರನ್ನೆಲ್ಲ ಹೇಗೋ ಸಾಗಹಾಕಿ, ಬಾಗಿಲಿಗೆ "ಇಂದು ಸ್ವಚ್ಛತೆ" ಎಂದು ಹಾಕಿ, ನಮ್ಮನ್ನು ಓದುವ ಕೋಣೆಗೆ ಕರೆದುಕೊಂಡು ಹೋದರು. ಮೇಲ್ವಿಚಾರಕರು ತೆಳ್ಳನೆಯ ಮನುಷ್ಯ. ಕೋಪ ಬಂದರೆ ದನಿ ಏರುವ ಬದಲು ಇಳಿಯುತ್ತದೆ.

"ನಾಳೆ ಅಧಿಕಾರಿಗಳು ಬರ್ತಾರೆ. ಜೊತೆಗೆ ಮಂತ್ರಿಗಳ ಮೊಮ್ಮಗಳು ಬರ್ತಾರೆ, ಮ್ಯೂಸಿಯಂ ಆದಮೇಲೆ ಮೊದಲನೇ ಸಲ. ಗಡಿಯಾರ ಮೊದಲು ಹೇಗಿತ್ತೋ ಹಾಗೆ ಮಾಡಿ, ಹೊರಡಿ."

"ನಿಲ್ಲಿಸೋದು ಸುಲಭ ಸಾರ್" ಎಂದೆ. "ಎಷ್ಟು ಗಂಟೆಗೆ ನಿಲ್ಲಿಸ್ಲಿ?"

ಮೇಲ್ವಿಚಾರಕರು ಹುಡುಗನನ್ನು ನೋಡಿದರು. ಹುಡುಗ ನನ್ನನ್ನು ನೋಡಿದ.

"ಭಾವಾ, ನೀವೇ ತಾನೆ ಕೊನೇಲಿ ನೋಡಿದ್ದು?"

ಇಲ್ಲಿ ನಮ್ಮ ಕಸುಬಿನ ಒಂದು ರೀತಿಯನ್ನು ಹೇಳಬೇಕು. ನಿಂತ ಗಡಿಯಾರದ ಮುಳ್ಳು ಎಲ್ಲಿದೆ ಎಂದು ನಾವು ನೋಡುವುದಿಲ್ಲ. ಅದು ತೋರಿಸುವುದು ಸುಳ್ಳು ಎಂದು ಮೊದಲೇ ಗೊತ್ತಿರುತ್ತದೆ. ಸುಳ್ಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನೋಡ್ಲಿಲ್ಲ" ಎಂದೆ.

"ಮುಳ್ಳನ್ನ ಎಷ್ಟು ತಿರುಗಿಸಿದ್ರಿ, ಅದಾದ್ರೂ ಹೇಳಿ."

"ಸರಿಯಾಗೋವರೆಗೂ ತಿರುಗಿಸಿದೆ."

ಮೇಲ್ವಿಚಾರಕರ ದನಿ ಇನ್ನೂ ಇಳಿಯಿತು. "ನೀನು ಹೇಳಪ್ಪ, ದಿನಾ ಈ ಕಥೆ ಹೇಳ್ತೀಯಲ್ಲ."

"ಸಾರ್, ನಾನು 'ಅದೇ ಗಳಿಗೆಯಲ್ಲಿ' ಅಂತ ಹೇಳ್ತೀನಿ. ಅಷ್ಟೇ ಬರೆದುಕೊಟ್ಟಿದ್ರು."

ಬರೆದುಕೊಟ್ಟವರು ಮೇಲ್ವಿಚಾರಕರೇ. "ಗಂಟೆ ನಿಮಿಷ ಹಾಕಿದ್ರೆ ರೈಲಿನ ವೇಳಾಪಟ್ಟಿ ಥರ ಇರ್ತಿತ್ತು. ಗಾಂಭೀರ್ಯಕ್ಕೆ ಅಂತ ಬಿಟ್ಟೆ" ಎಂದು ಮುಖ ತಿರುಗಿಸಿಕೊಂಡರು. ಕೌಂಟರಿನಲ್ಲಿ ಮಾರುವ ಫೋಟೋ ಕಾರ್ಡು ತರಿಸಿದರು. ಅದರಲ್ಲಿ ಮೇಜು, ಕುರ್ಚಿ, ಗಡಿಯಾರದ ಚೌಕಟ್ಟು ಎಲ್ಲ ಇತ್ತು. ಮುಳ್ಳು ಇರಬೇಕಾದ ಕಡೆ ಫ್ಲಾಶ್ ಬಿದ್ದು, ಗಾಜು ಮಧ್ಯಾಹ್ನದ ಸೂರ್ಯನ ಹಾಗೆ ಹೊಳೆಯುತ್ತಿತ್ತು.

ವಾಚ್‌ಮನ್‌ನನ್ನು ಕರೆಸಿದರು.

"ನಾಲ್ಕಕ್ಕೆ ಹತ್ತು ನಿಮಿಷ ಇತ್ತು ಸಾರ್. ದಿನಾ ನೋಡ್ತೀನಿ. ನೋಡಿ, ಇನ್ನೂ ಡ್ಯೂಟಿ ಮುಗಿದಿಲ್ಲ ಅಂದ್ಕೋತೀನಿ."

"ನಿಂತ ಗಡಿಯಾರ ನೋಡ್ಕೊಂಡಾ?"

"ಅದಕ್ಕೇ ಮುಗಿಯೋದೇ ಇಲ್ಲ ಸಾರ್."

ಟಿಕೆಟ್ ಕೊಡುವ ಹೆಂಗಸು ಒಪ್ಪಲಿಲ್ಲ. "ಎಂಟು ಗಂಟೆ ಹತ್ತು ನಿಮಿಷ. ನನ್ನ ಕೌಂಟರ್ ಎದುರಿಗೆ ಹಜಾರದ ಕನ್ನಡಿ ಇದೆಯಲ್ಲ, ಅದರಲ್ಲಿ ನೇರ ಕಾಣುತ್ತೆ."

ನನಗೆ ಜೀವ ಬಂತು. "ಸಾರ್, ಕನ್ನಡಿಯಲ್ಲಿ ಉಲ್ಟಾ ಕಾಣುತ್ತೆ! ಕನ್ನಡಿಯ ಎಂಟೂ ಹತ್ತು ಅಂದ್ರೆ ನಿಜವಾಗಿ ನಾಲ್ಕಕ್ಕೆ ಹತ್ತು ನಿಮಿಷ. ಇಬ್ಬರೂ ಒಂದೇ ಹೇಳ್ತಿದಾರೆ!"

ಅತ್ತೆ ನನ್ನ ಬೆನ್ನು ತಟ್ಟಿದರು. "ನಮ್ಮ ಅಳಿಯಂದ್ರು ಸಂಜೆ ಕಾಲೇಜು ಓದಿದೋರು" ಎಂದು ಟಿಕೆಟ್ ಹೆಂಗಸಿಗೆ ಹೇಳಿದರು. ಮೇಲ್ವಿಚಾರಕರ ದನಿ ಒಂದು ಮೆಟ್ಟಿಲು ಮೇಲೆ ಬಂತು. ಆಗ ವಾಚ್‌ಮನ್ ತಲೆ ಕೆರೆದುಕೊಂಡ.

"ಸಾರ್, ನಾನೂ ಆ ಕನ್ನಡೀಲೇ ನೋಡೋದು."

ಮೇಲ್ವಿಚಾರಕರು ಕೂರಲು ಕುರ್ಚಿ ಹುಡುಕಿದರು. ಆ ಕೋಣೆಯ ಕುರ್ಚಿಗಳಲ್ಲೆಲ್ಲ ಕೂರಬಾರದೆಂದು ಅವರೇ ಬೋರ್ಡು ಹಾಕಿಸಿದ್ದರು. ನಿಂತೇ ಇದ್ದರು.

ಕೊನೆಗೆ ತೀರ್ಮಾನ ಮಾಡಿದ್ದು ನಮ್ಮ ಅತ್ತೆ. "ಇದಕ್ಕೆ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ದೊಡ್ಡೋರು ಹೋಗೋದು ಬೆಳಗಿನ ಜಾವಾನೇ. ನಮ್ಮನೆಯವರು ಹೋಗಿದ್ದೂ ಹಾಗೇನೇ. ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಅದನ್ನೇ ಇಡಿ."

ಬೇರೆ ಯಾರ ಹತ್ತಿರವೂ ಸತ್ತ ಹೊತ್ತು ಇರಲಿಲ್ಲ. ಐದಕ್ಕೆ ಇಪ್ಪತ್ತು ನಿಮಿಷ ಎಂದು ಒಪ್ಪಿಗೆಯಾಯಿತು. ನಾನು ಮುಳ್ಳು ಇಟ್ಟು, ಪೆಂಡುಲಂ ಹಿಡಿದು ನಿಲ್ಲಿಸಿ, ಪೆಟ್ಟಿಗೆಯನ್ನು ಮೊದಲಿನ ಹಾಗೆ ವಾರೆ ಮಾಡಿದೆ. "ಸಾರ್, ಸ್ಪ್ರಿಂಗಿನಲ್ಲಿ ತುಂಬಾ ಕೀ ಇದೆ. ಬಿಚ್ಚಿ ಇಳಿಸಿಬಿಡ್ತೀನಿ, ಇಲ್ಲಾಂದ್ರೆ ಸ್ವಲ್ಪ ಅಲುಗಿದ್ರೂ..." ಎಂದು ಶುರು ಮಾಡಿದೆ.

"ಇನ್ನು ನೀವು ಅದನ್ನ ಮುಟ್ಟಬೇಡಿ" ಎಂದರು ಮೇಲ್ವಿಚಾರಕರು, ಕೇಳಿಸದಷ್ಟು ಮೆತ್ತಗೆ.

ಮರುದಿನ ನಮ್ಮನ್ನೂ ಬರಹೇಳಿದರು, ಎಲ್ಲಾದರೂ ಎಡವಟ್ಟಾದರೆ ಕೈಗೆ ಸಿಗಲಿ ಎಂದು. ನಾವು ಪ್ರೇಕ್ಷಕರ ಹಾಗೆ ನಿಲ್ಲಬೇಕು, ಹುಡುಗನಿಗೂ ನಮಗೂ ಪರಿಚಯವೇ ಇಲ್ಲದ ಹಾಗೆ. ಇದನ್ನು ಅತ್ತೆಗೆ ಮನೆಯಿಂದ ಮಂತ್ರಿಮನೆಯವರೆಗೂ ಹೇಳಿಕೊಟ್ಟೆವು.

ಅಧಿಕಾರಿ ಬಂದರು. ಗಟ್ಟಿ ದನಿ, ಎಲ್ಲವನ್ನೂ ಬೆರಳಿನಿಂದ ತಟ್ಟಿ ನೋಡುವ ಅಭ್ಯಾಸ. ಬಾಗಿಲು ತಟ್ಟಿ "ಗಟ್ಟಿ ಇದೆ" ಎಂದರು. ಗೋಡೆ ತಟ್ಟಿ "ಹಳೇ ಕಾಲದ್ದು" ಎಂದರು. ಅವರ ಹಿಂದೆ ಊರುಗೋಲು ಹಿಡಿದು ಮಂತ್ರಿಗಳ ಮೊಮ್ಮಗಳು ಬಂದರು. ನಮ್ಮ ಅತ್ತೆಗಿಂತ ಹತ್ತು ವರ್ಷವಾದರೂ ದೊಡ್ಡವರು. ಯಾವ ಕೋಣೆಯಲ್ಲೂ ಅವರು ನಿಲ್ಲಲಿಲ್ಲ. ದಾರಿ ಗೊತ್ತಿದ್ದವರ ಹಾಗೆ ನೇರ ಓದುವ ಕೋಣೆಗೆ ನಡೆದು, ಗಡಿಯಾರದ ಎದುರು ನಿಂತು, ಅದನ್ನೇ ನೋಡಿದರು. ನಮ್ಮ ಹುಡುಗ ಅದೆಷ್ಟು ಚೆನ್ನಾಗಿ ಹೇಳಿದ! ನಲ್ಲಿ ನೀರು ಬಂದ ದಿನದ ವರ್ಣನೆಗೆ ಅಧಿಕಾರಿಯೇ ತಲೆದೂಗಿದರು. ಅತ್ತೆಯ ಕಣ್ಣಲ್ಲಿ ನೀರು. ಪರಿಚಯವಿಲ್ಲದ ಹುಡುಗನಿಗೆ ಹಾಗೆ ಕಣ್ಣೀರು ಹಾಕುವುದು ಹೆಚ್ಚಾಯಿತೆಂದು ಹೆಂಡತಿ ಅವರ ಮೊಣಕೈ ಚಿವುಟಿದಳು.

"ಮತ್ತು ಈ ಗಡಿಯಾರ, ಸಾರ್, ಆ ಗಳಿಗೆಯಿಂದ ಇವತ್ತಿನವರೆಗೆ ಒಂದು ಸಲವೂ..."

"ಸ್ವಲ್ಪ ವಾರೆ ಇದೆಯಲ್ಲ" ಎಂದು ಅಧಿಕಾರಿ ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ತಟ್ಟಿದರು.

ಟಿಕ್. ಟಿಕ್. ಟಿಕ್.

ಅಧಿಕಾರಿಯ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ದೊಡ್ಡ ಮನುಷ್ಯರ ಸಾವಿನ ಗಳಿಗೆಯನ್ನು ಅವರ ಮೊಮ್ಮಗಳ ಎದುರಿಗೇ ಒಂದು ಬೆರಳಿನಿಂದ ಅಳಿಸಿಹಾಕಿದೆನೆಂದು ಆ ಮನುಷ್ಯ ನಂಬಿಬಿಟ್ಟರು.

"ನಾನು... ನಾನು ಮುಟ್ಟಲೇ ಇಲ್ಲ."

"ಮುಟ್ಟಿದ್ರಿ" ಎಂದರು ನಮ್ಮ ಅತ್ತೆ.

"ಈ ಅಮ್ಮ ಯಾರು?"

"ಪ್ರೇಕ್ಷಕರು ಸಾರ್" ಎಂದರು ಮೇಲ್ವಿಚಾರಕರು.

"ನಿಲ್ಸಿ, ಯಾರಾದ್ರೂ ನಿಲ್ಸಿ ಅದನ್ನ! ಎಷ್ಟು ಗಂಟೆ ಇತ್ತು? ನೋಡಿದೋರು ಯಾರು?"

"ಐದಕ್ಕೆ ಇಪ್ಪತ್ತು ನಿಮಿಷ ಇತ್ತು ಸಾರ್" ಎಂದ ನಮ್ಮ ಹುಡುಗ, ಕಣ್ಣು ಮಿಟುಕಿಸದೆ.

ಅಧಿಕಾರಿ ಅವನ ಎರಡೂ ಕೈ ಹಿಡಿದುಕೊಂಡರು. "ಭೇಷ್! ಎಂಥಾ ನೆನಪಪ್ಪ ನಿಂದು! ಇಲಾಖೆಗೆ ಬೇಕಾಗಿರೋದೇ ಇಂಥೋರು. ಖಾಯಂ, ಇವತ್ತೇ ಖಾಯಂ! ಮುಳ್ಳು ಅಲ್ಲಿಗೇ ಇಡಿ. ಇಲ್ಲಿ ನಡೆದದ್ದು ಇಲ್ಲೇ ಇರಲಿ."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಊರುಗೋಲಿನ ಸದ್ದಾಯಿತು. ಮೊಮ್ಮಗಳು ಹಗ್ಗ ಸರಿಸಿ, ಮೇಜಿನ ಈಚೆ ಬದಿಯ ಕುರ್ಚಿಯಲ್ಲಿ ಕೂತರು. ಮೇಲ್ವಿಚಾರಕರು 'ಕೂರಬಾರದು' ಬೋರ್ಡನ್ನು ಮೆಲ್ಲಗೆ ಆಚೆ ತಿರುಗಿಸಿಟ್ಟರು.

"ಈ ಗಡಿಯಾರ ತಾತ ಸತ್ತಾಗ ನಿಂತಿದ್ದಲ್ಲ. ಅವರು ಬದುಕಿದ್ದಾಗಲೂ ನಿಂತೇ ಇತ್ತು. ಅವರು ಅದಕ್ಕೆ ಯಾವತ್ತೂ ಕೀ ಕೊಟ್ಟೋರಲ್ಲ."

ನಾವೆಲ್ಲ ಗಡಿಯಾರವನ್ನು ನೋಡಿದೆವು. ಯಾವ ಭಾಗವೂ ಸವೆಯದೆ ಇದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು.

"ಯಾರಾದ್ರೂ ನೋಡೋಕೆ ಬರ್ತಾರೆ ಅಂದ್ರೆ ತಾತ ಮೊದಲು ಎದ್ದು ಮುಳ್ಳು ತಿರುಗಿಸಿ ಕೂರೋರು. ಬೇಡದೋರು ಬಂದ್ರೆ ಮುಳ್ಳು ಮುಂದಕ್ಕೆ. ಸ್ವಲ್ಪ ಮಾತಾಡಿ, ಗಡಿಯಾರ ನೋಡಿ, 'ಅಯ್ಯೋ, ಇಷ್ಟು ಹೊತ್ತಾಯ್ತಾ' ಅಂತ ಎದ್ದುಬಿಡೋರು. ಬೇಕಾದೋರು ಬಂದ್ರೆ ಮುಳ್ಳು ಹಿಂದಕ್ಕೆ. ಅವರು ಹೊರಡ್ತೀನಿ ಅಂದ್ರೆ, 'ಇನ್ನೂ ಹೊತ್ತೇ ಆಗಿಲ್ವಲ್ಲ, ಕೂತ್ಕೊಳ್ಳಿ' ಅನ್ನೋರು. ಮನೇಲಿ ನಮಗೆಲ್ಲ ಗೊತ್ತಿತ್ತು, ನಗ್ತಿದ್ವಿ."

"ಅಬ್ಬಾ, ಎಂಥಾ ಘಾಟಿ!" ಎಂದರು ಅತ್ತೆ, ಮೆಚ್ಚಿಕೊಂಡು.

"ಕೊನೇ ದಿನ ಅವರನ್ನ ನೋಡೋಕೆ ಬಂದೋಳು ನಾನೇ. ಅವರಿಗೆ ಒಪ್ಪಿಗೆಯಿಲ್ಲದ ಮದುವೆ ಮಾಡ್ಕೊಂಡಿದ್ದೆ. ಅದಾದಮೇಲೆ ಮೊದಲನೇ ಸಲ ಬಂದಿದ್ದೆ, ಬರ್ತೀನಿ ಅಂತ ಹೇಳಿ ಕಳಿಸಿ. ಇದೇ ಕುರ್ಚಿ. ನಾನು ಕೂತಾಗ ಮಧ್ಯಾಹ್ನ ಮೂರು ಗಂಟೆ. ತಲೆ ಎತ್ತಿ ಗಡಿಯಾರ ನೋಡೋ ಧೈರ್ಯ ಬರ್ಲಿಲ್ಲ. ಮುಂದಕ್ಕಿದ್ದುಬಿಟ್ರೆ? ಅದಕ್ಕೆ ಬೇಗ ಎದ್ದು ಹೋಗಿಬಿಟ್ಟೆ. ರಾತ್ರಿ ಅವರು ಹೋದ್ರು. ಆಮೇಲೂ ಈ ಮನೆಗೆ ಬರೋಕೆ ಹೆದರಿಕೆ. ಇವತ್ತು ಗಟ್ಟಿ ಮನಸು ಮಾಡ್ಕೊಂಡು ಬಂದೆ." ಹುಡುಗನ ಕಡೆ ತಿರುಗಿದರು. "ಮೂರಕ್ಕೆ ಬಂದೋಳಿಗೆ ಐದಕ್ಕೆ ಇಪ್ಪತ್ತು ನಿಮಿಷ. ಮುಂದಕ್ಕೇ ಇಟ್ಟಿದ್ರು, ಅಲ್ವೇನಪ್ಪಾ?"

ಹುಡುಗ ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಲ್ವಿಚಾರಕರು ನೆಲ ನೋಡುತ್ತಿದ್ದರು. ಖಾಯಂ ಆದ ಕೆಲಸ ಇನ್ನೂ ಬಿಸಿಯಾಗಿತ್ತು. ಒಂದು ಮಾತು ಆಡಿದರೆ ಹೋಗುತ್ತದೆ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಮುಂದೆ ನುಗ್ಗಿದರು.

"ಅಯ್ಯೋ ತಾಯಿ, ಆ ಐದಕ್ಕೆ ಇಪ್ಪತ್ತು ನಿಮ್ಮ ತಾತಂದಲ್ಲ! ಅದು ನಮ್ಮ ಯಜಮಾನರದ್ದು!"

ಆಮೇಲೆ ಎಲ್ಲ ಹೊರಬಿತ್ತು. ನಾನೂ ಹೇಳಿದೆ: ಕೀ ಕೊಟ್ಟದ್ದು, ಒರೆಸಿದ್ದು, ಮುಳ್ಳು ನೋಡದೆ ಇದ್ದದ್ದು. ಅಧಿಕಾರಿ ನೆಟ್ಟಗಾದರು. ಹೋದ ದನಿ ವಾಪಸ್ಸು ಬಂದಿತ್ತು.

"ಅಂದ್ರೆ ನಿನ್ನೆನೇ ಮುಟ್ಟಿದ್ರಾ? ನನ್ನಿಂದ ಅಲ್ವಾ? ಇದು ಬಹಳ ಗಂಭೀರವಾದ ವಿಷಯ. ಈ ಹುಡುಗನ ಖಾಯಂ ವಿಷಯ ಮತ್ತೆ ಯೋಚನೆ..."

"ನೀವು ತಟ್ಟಿದ್ದೂ ಗಂಭೀರಾನೇ" ಎಂದರು ಮೊಮ್ಮಗಳು. "ಖಾಯಂ ಅಂದಿದ್ದು ಈ ಅಮ್ಮನ ಕಿವಿಗೂ ಬಿದ್ದಿದೆ."

"ಬಿದ್ದಿದೆ" ಎಂದರು ಅತ್ತೆ. ಅಧಿಕಾರಿ ಬೆರಳನ್ನು ಜೇಬಿನೊಳಗೆ ಇಟ್ಟುಕೊಂಡರು.

ಮೊಮ್ಮಗಳು ನನ್ನನ್ನು ಹತ್ತಿರ ಕರೆದರು. "ನಿಜವಾಗ್ಲೂ ನೋಡ್ಲಿಲ್ವಾ? ಹಿಂದಕ್ಕಿತ್ತಾ, ಮುಂದಕ್ಕಿತ್ತಾ, ಅಷ್ಟಾದ್ರೂ?"

"ಇಲ್ಲಮ್ಮಾ."

ಅವರು ಊರುಗೋಲನ್ನು ಮೇಜಿಗೆ ಒರಗಿಸಿಟ್ಟರು. ಆಮೇಲೆ, "ಎರಡಕ್ಕೆ ಇಡಿ" ಎಂದರು.

ಇಟ್ಟೆ. ಈ ಸಲ ಸ್ಪ್ರಿಂಗ್ ಇಳಿಸಿಯೇ ನಿಲ್ಲಿಸಿದೆ. ಅವರು ಅದನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಹೊರಡಿ ಎಂದು ಯಾರೂ ಹೇಳಲಿಲ್ಲ. ಮೇಲ್ವಿಚಾರಕರು ಅವರಿಗೆ ಅಲ್ಲಿಗೇ ಟೀ ತರಿಸಿದರು, ಮಂತ್ರಿಗಳ ಮೇಜಿನ ಮೇಲೇ ಲೋಟ ಇಟ್ಟರು.

ಈಗ ಹುಡುಗ ಖಾಯಂ ಆಗಿದ್ದಾನೆ. ಗಡಿಯಾರದ ಹೊಸ ಕಥೆ ಹೇಳುತ್ತಾನೆ, ಹಳೆಯದಕ್ಕಿಂತ ಉದ್ದ. ನಾನು ಅಂಗಡಿಗೆ ಬಂದ ಪ್ರತಿ ಗಡಿಯಾರದ ಮುಳ್ಳನ್ನೂ ಮೊದಲು ನೋಡುತ್ತೇನೆ, ಆಮೇಲೆ ಬಿಚ್ಚುತ್ತೇನೆ. ಗಿರಾಕಿಗಳು ಇವನಿಗೆ ಕಣ್ಣು ಮಂಜಾಯಿತು ಎಂದುಕೊಂಡಿದ್ದಾರೆ.

ಆ ಭಾನುವಾರ ಮುಳ್ಳು ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು ಈಗಲೂ ಪ್ರಯತ್ನಿಸುತ್ತೇನೆ. ಗಾಜಿನ ಬಾಗಿಲು ನೆನಪಾಗುತ್ತದೆ, ಕೀ ನೆನಪಾಗುತ್ತದೆ, 'ಆಡಳಿತ ಶೈಲಿ' ನೆನಪಾಗುತ್ತದೆ. ಒಮ್ಮೊಮ್ಮೆ ಎರಡರ ಆಸುಪಾಸಿನಲ್ಲೇ ಇತ್ತು ಅನ್ನಿಸುತ್ತದೆ. ಅದು ಅನ್ನಿಸಿದ್ದು, ನೋಡಿದ್ದಲ್ಲ. ನನಗಿಂತ ಮುಂಚೆ ಧೂಳು ಒರೆಸುವಾಗ ಬೇರೆ ಯಾರಾದರೂ ಮುಳ್ಳು ಸರಿಸಿದ್ದರೋ ಏನೋ, ಅದೂ ಗೊತ್ತಿಲ್ಲ. ಮೊಮ್ಮಗಳು ಬರುತ್ತಾಳೆಂದು ಮಂತ್ರಿಗಳು ಅವತ್ತು ಎದ್ದು ಮುಳ್ಳನ್ನು ಯಾವ ಕಡೆ ತಿರುಗಿಸಿದರು? ನನಗೆ ಗೊತ್ತಿಲ್ಲ.